ತೂಕ ಇಳಿಸುವ ಶಸ್ತ್ರಚಿಕಿತ್ಸೆಯ ತರುವಾಯ: ತೊಡಕುಗಳನ್ನು ಅರಿಯುವ ಮತ್ತು ನಿಭಾಯಿಸುವ ಬಗೆ

ಊಟ ಬಲ್ಲವನಿಗೆ ರೋಗವಿಲ್ಲ ಎಂಬುದು ನಮ್ಮ ಹಿರಿಯರ ಅನುಭವದ ಮಾತು. ತೂಕ ಇಳಿಸುವ ಶಸ್ತ್ರಚಿಕಿತ್ಸೆಗೆ ಒಳಗಾದವರ ಪಾಲಿಗೆ ಈ ಮಾತು ಅಕ್ಷರಶಃ ಅನ್ವಯಿಸುತ್ತದೆ. ನಲವತ್ತು ಐವತ್ತು ವರ್ಷಗಳಿಂದ ರೂಢಿಯಾಗಿದ್ದ ಅಭ್ಯಾಸಗಳನ್ನು ಬದಿಗಿರಿಸಿ ಅವರು ಉಣ್ಣುವುದನ್ನು, ಕುಡಿಯುವುದನ್ನು, ಕಡೆಗೆ ಅಗಿಯುವುದನ್ನೂ ಮೊದಲಿನಿಂದ ಕಲಿಯಬೇಕಾಗುತ್ತದೆ. ಈ ಕಲಿಕೆ ಸರಿಯಾಗಿ ನಡೆದರೆ ಶಸ್ತ್ರಚಿಕಿತ್ಸೆ ಹೊಸ ಬದುಕನ್ನೇ ಕೊಡಬಲ್ಲದು. ನಡೆಯದಿದ್ದರೆ ಮಧುಮೇಹ ಮತ್ತು ಮಂಡಿನೋವು ಹೋದ ಜಾಗಕ್ಕೆ ಬೇರೆ ಬಾಧೆಗಳು ಬಂದು ಸೇರುತ್ತವೆ.

ಇಂದು ನಮ್ಮ ನಾಡಿನ ಅನೇಕರು ಬೆಂಗಳೂರು, ಮಂಗಳೂರು, ಹುಬ್ಬಳ್ಳಿ, ಪುಣೆ, ಹೈದರಾಬಾದುಗಳಂತಹ ನಗರಗಳಿಗೆ ಹೋಗಿ ಈ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಬರುತ್ತಾರೆ. ಮೂರು ನಾಲ್ಕು ದಿನಗಳಲ್ಲಿ ಊರಿಗೆ ಮರಳುತ್ತಾರೆ. ತೊಂದರೆ ಕಾಣಿಸಿಕೊಂಡಾಗ ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರು ನೂರಾರು ಕಿಲೋಮೀಟರು ದೂರದಲ್ಲಿರುತ್ತಾರೆ, ಹತ್ತಿರದ ವೈದ್ಯರಿಗೆ ಹಿನ್ನೆಲೆ ತಿಳಿದಿರುವುದಿಲ್ಲ. ಅನೇಕರು ಸಂಕೋಚದಿಂದ ವಿಷಯವನ್ನೇ ಮುಚ್ಚಿಡುತ್ತಾರೆ. ಅಪಾಯ ಹುಟ್ಟುವುದು ಬಹುಮಟ್ಟಿಗೆ ಈ ಅಂತರದಲ್ಲಿ. ಆದುದರಿಂದ ಈ ಲೇಖನವು ಶಸ್ತ್ರಚಿಕಿತ್ಸೆ ಬೇಕೇ ಬೇಡವೇ ಎಂಬ ಚರ್ಚೆಗೆ ಹೋಗದೆ, ಈಗಾಗಲೇ ಮಾಡಿಸಿಕೊಂಡವರಿಗೂ ಅವರ ಮನೆಯವರಿಗೂ ತಿಳಿದಿರಬೇಕಾದ ಸಂಗತಿಗಳನ್ನು ವಿವರಿಸುತ್ತದೆ.

ದೇಹದೊಳಗೆ ಆಗುವ ಬದಲಾವಣೆ

ಚರ್ಮದ ಕೆಳಗಿನ ಕೊಬ್ಬನ್ನು ನಳಿಕೆಯಿಂದ ಹೀರಿ ತೆಗೆಯುವ ಲೈಪೋಸಕ್ಷನ್ ಬೇರೆ, ಇಲ್ಲಿ ಹೇಳುತ್ತಿರುವ ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆ ಬೇರೆ. ಮೊದಲನೆಯದು ಅಂಗಸೌಷ್ಠವಕ್ಕಾಗಿ ಮಾಡುವಂಥದ್ದು. ಎರಡನೆಯದು ಜೀರ್ಣಾಂಗದ ರಚನೆಯನ್ನೇ ಮಾರ್ಪಡಿಸುತ್ತದೆ. ಸ್ಥೂಲಕಾಯದ ಜೊತೆಗೆ ಬರುವ ಮಧುಮೇಹ, ರಕ್ತದೊತ್ತಡ, ನಿದ್ರೆಯಲ್ಲಿ ಉಸಿರು ಕಟ್ಟುವಿಕೆ ಮುಂತಾದ ರೋಗಗಳನ್ನು ಹತೋಟಿಗೆ ತರುವುದು ಇದರ ಉದ್ದೇಶ.

ಇದರಲ್ಲಿ ಮುಖ್ಯವಾಗಿ ಎರಡು ಬಗೆಗಳಿವೆ. ಸ್ಲೀವ್ ವಿಧಾನದಲ್ಲಿ ಜಠರದ ಸುಮಾರು ಶೇಕಡ 75ರಿಂದ 80 ಭಾಗವನ್ನು ಕತ್ತರಿಸಿ ತೆಗೆದು, ಬಾಳೆಹಣ್ಣಿನಾಕಾರದ ಕಿರಿದಾದ ಕೊಳವೆಯನ್ನಷ್ಟೇ ಉಳಿಸುತ್ತಾರೆ. ಬೈಪಾಸ್ ವಿಧಾನದಲ್ಲಿ ಜಠರದ ಮೇಲ್ಭಾಗದಲ್ಲಿ ಸಣ್ಣ ಚೀಲವೊಂದನ್ನು ರೂಪಿಸಿ ಅದನ್ನು ನೇರವಾಗಿ ಸಣ್ಣಕರುಳಿಗೆ ಜೋಡಿಸುತ್ತಾರೆ. ಉಂಡ ಆಹಾರವು ಜಠರದ ಉಳಿದ ಭಾಗವನ್ನೂ ಸಣ್ಣಕರುಳಿನ ಮೊದಲ ಭಾಗವನ್ನೂ ಮುಟ್ಟದೆ ಮುಂದೆ ಸಾಗುತ್ತದೆ. ಬೈಪಾಸ್ ವಿಧಾನಕ್ಕೆ 1960ರ ದಶಕದಲ್ಲಿ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಡಾ. ಎಡ್ವರ್ಡ್ ಮೇಸನ್ ಅವರು ಬುನಾದಿ ಹಾಕಿದರು. ಈಚಿನ ದಶಕಗಳಲ್ಲಿ ಹೊಟ್ಟೆಯನ್ನು ಅಗಲವಾಗಿ ತೆರೆಯದೆ ಸಣ್ಣ ರಂಧ್ರಗಳ ಮೂಲಕ ಇದನ್ನು ಮಾಡುವುದರಿಂದ ಚೇತರಿಕೆ ಬೇಗ ಆಗುತ್ತದೆ.

ಮುಂದೆ ಬರುವ ತೊಡಕುಗಳೆಲ್ಲ ಈ ರಚನೆಯಿಂದಲೇ ಹುಟ್ಟುವಂಥವು. ಜಠರ ಚಿಕ್ಕದಾದುದರಿಂದ ಆಹಾರದ ಪ್ರಮಾಣ ಕುಗ್ಗುತ್ತದೆ. ಬಿ12 ಜೀವಸತ್ತ್ವವು ರಕ್ತಕ್ಕೆ ಸೇರಲು ಬೇಕಾದ ಆಮ್ಲವೂ ವಿಶೇಷ ಪ್ರೋಟೀನೂ ಜಠರದಲ್ಲಿ ತಯಾರಾಗುತ್ತವೆ, ಅವು ಕಡಿಮೆಯಾಗುತ್ತವೆ. ಕಬ್ಬಿಣ ಮತ್ತು ಕ್ಯಾಲ್ಸಿಯಂ ಹೆಚ್ಚಾಗಿ ಹೀರಲ್ಪಡುವುದು ಸಣ್ಣಕರುಳಿನ ಮೊದಲ ಭಾಗದಲ್ಲಿ, ಬೈಪಾಸಿನಲ್ಲಿ ಆಹಾರ ಅತ್ತ ಹೋಗುವುದೇ ಇಲ್ಲ. ಇಷ್ಟನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ವಿಷಯಗಳು ತಾವಾಗಿಯೇ ಅರ್ಥವಾಗುತ್ತವೆ.

ಮೊದಲ ತಿಂಗಳು: ತಡಮಾಡಬಾರದ ಲಕ್ಷಣಗಳು

ಶಸ್ತ್ರಚಿಕಿತ್ಸೆಯಾದ ಮೊದಲ 30 ದಿನಗಳಲ್ಲಿ ಮೂರು ತೊಡಕುಗಳ ಬಗೆಗೆ ಎಚ್ಚರವಿರಬೇಕು. ಒಂದು, ಹೊಲಿಗೆಯ ಜಾಗದಲ್ಲಿ ಸೋರಿಕೆ. ಎರಡು, ಒಳಗಿನ ರಕ್ತಸ್ರಾವ. ಮೂರು, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ, ಆ ಹೆಪ್ಪು ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಳ್ಳುವುದು. ಇವು ಅಪರೂಪವೇ ಸರಿ. ಅನುಭವಿ ತಜ್ಞರ ಕೈಯಲ್ಲಿ ಬಹುಪಾಲು ರೋಗಿಗಳು ಯಾವ ತೊಡಕೂ ಇಲ್ಲದೆ ಮನೆಗೆ ಮರಳುತ್ತಾರೆ. ಆದರೆ ಬಂದಾಗ ಗಂಟೆಗಳ ಲೆಕ್ಕದಲ್ಲಿ ಕ್ರಮ ಕೈಗೊಳ್ಳಬೇಕಾಗುತ್ತದೆ.

ಸ್ಥೂಲಕಾಯದವರಲ್ಲಿ ಸೋರಿಕೆಯಾದಾಗ ಹೊಟ್ಟೆ ಗಟ್ಟಿಯಾಗುವಂತಹ ಸಾಮಾನ್ಯ ಲಕ್ಷಣಗಳು ಸ್ಪಷ್ಟವಾಗಿ ತೋರದೇ ಇರಬಹುದು. ನಾಡಿಬಡಿತವೇ ಮೊದಲು ಸುಳಿವು ಕೊಡುತ್ತದೆ. ವಿಶ್ರಾಂತಿಯಲ್ಲಿದ್ದಾಗಲೂ ನಾಡಿ ನಿಮಿಷಕ್ಕೆ 120ಕ್ಕಿಂತ ಹೆಚ್ಚು ಬಡಿಯುತ್ತಿದ್ದರೆ ಅದನ್ನು ಭಯ, ಆಯಾಸ ಎಂದು ತಳ್ಳಿಹಾಕಕೂಡದು. ಇದರೊಡನೆ ಜ್ವರ, ಏರುತ್ತಲೇ ಹೋಗುವ ಹೊಟ್ಟೆನೋವು, ಎಡಭುಜದ ತುದಿಯಲ್ಲಿ ನೋವು, ಉಸಿರಾಟದ ತೊಂದರೆ, ಒಂದೇ ಕಾಲಿನಲ್ಲಿ ಊತ, ರಕ್ತವಾಂತಿ ಅಥವಾ ಡಾಂಬರಿನಂತಹ ಕಪ್ಪು ಮಲ, ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೊರಡಬೇಕು. 108 ಆಂಬ್ಯುಲೆನ್ಸ್ ಕರೆಸಿಕೊಳ್ಳಬಹುದು. ದಾರಿಯಲ್ಲಿರುವಾಗಲೇ ಶಸ್ತ್ರಚಿಕಿತ್ಸೆ ಮಾಡಿದ ತಂಡಕ್ಕೆ ದೂರವಾಣಿ ಮಾಡಿ ತಿಳಿಸುವುದು ಒಳ್ಳೆಯದು.

ಹೆಪ್ಪುಗಟ್ಟುವುದನ್ನು ತಡೆಯಲು ಸುಲಭವಾದ ಉಪಾಯ ನಡಿಗೆ. ಶಸ್ತ್ರಚಿಕಿತ್ಸೆಯಾದವರು ಪೂರ್ಣ ಹಾಸಿಗೆ ಹಿಡಿದು ಮಲಗಬೇಕೆಂದು ಮನೆಯ ಹಿರಿಯರು ಪ್ರೀತಿಯಿಂದ ಒತ್ತಾಯಿಸುವುದುಂಟು. ಇಲ್ಲಿ ಆ ಪ್ರೀತಿ ಹಿತವಲ್ಲ. ದಿನಕ್ಕೆ ಹಲವು ಬಾರಿ ಮನೆಯೊಳಗೆ, ಅಂಗಳದಲ್ಲಿ ಹತ್ತು ನಿಮಿಷ ಅಡ್ಡಾಡಬೇಕು. ವೈದ್ಯರು ಬರೆದುಕೊಟ್ಟಿರುವ ಚುಚ್ಚುಮದ್ದುಗಳನ್ನು ಅವಧಿ ಮುಗಿಯುವವರೆಗೂ ತೆಗೆದುಕೊಳ್ಳಬೇಕು.

ವಾಂತಿ, ನಿರ್ಜಲತೆ ಮತ್ತು ಗ್ಲೂಕೋಸ್ ಬಾಟಲಿ

ಮೊದಲ ವಾರಗಳಲ್ಲಿ ಆಗಾಗ ವಾಂತಿಯಾಗುವುದಕ್ಕೆ ಹೆಚ್ಚಾಗಿ ಅವಸರದ ಊಟವೇ ಕಾರಣ. ಬೇಗ ಉಂಡರೆ, ದೊಡ್ಡ ತುತ್ತು ನುಂಗಿದರೆ, ಊಟದ ನಡುವೆ ನೀರು ಕುಡಿದರೆ ಕಿರಿದಾದ ಜಠರ ತಾಳಿಕೊಳ್ಳಲಾರದು. ನಮ್ಮ ರಾಗಿಮುದ್ದೆ ಇದಕ್ಕೆ ಒಳ್ಳೆಯ ನಿದರ್ಶನ. ಮುದ್ದೆಯನ್ನು ಅಗಿಯದೆ ನುಂಗುವುದು ರೂಢಿ. ಶಸ್ತ್ರಚಿಕಿತ್ಸೆಯಾದವರಿಗೆ ಹಾಗೆ ನುಂಗಿದ ಮುದ್ದೆ ಎದೆಯ ನಡುವೆ ಸಿಕ್ಕಿಕೊಂಡು ವಿಪರೀತ ಸಂಕಟವಾಗುತ್ತದೆ. ರಾಗಿ ಬೇಕೆನಿಸಿದರೆ ತೆಳ್ಳನೆಯ ಅಂಬಲಿಯ ರೂಪದಲ್ಲಿ ಗುಟುಕು ಗುಟುಕಾಗಿ ತೆಗೆದುಕೊಳ್ಳಬಹುದು. ಒಣಗಿದ ರೊಟ್ಟಿ, ಅಂಟಂಟಾದ ಅನ್ನ, ಹಸಿಬಿಸಿ ಚಪಾತಿಗಳಿಗೂ ಮೊದಲ ತಿಂಗಳುಗಳಲ್ಲಿ ಅವಕಾಶವಿಲ್ಲ.

ಆದರೆ ವಾಂತಿ ಎರಡು ಮೂರು ದಿನ ನಿಲ್ಲದೆ ಮುಂದುವರಿದರೆ ಅದು ಊಟದ ದೋಷವಷ್ಟೇ ಅಲ್ಲ. ಜಠರದ ಕೊಳವೆ ಅಥವಾ ಜೋಡಣೆಯ ಜಾಗ ಕಿರಿದಾಗಿರಬಹುದು, ಹುಣ್ಣಾಗಿರಬಹುದು, ಕರುಳಿನಲ್ಲಿ ತಡೆ ಉಂಟಾಗಿರಬಹುದು. ಜೊತೆಗೆ ಇನ್ನೊಂದು ಗುಪ್ತವಾದ ಅಪಾಯವಿದೆ. ಥಯಾಮಿನ್ ಎಂಬ ಬಿ1 ಜೀವಸತ್ತ್ವವನ್ನು ನಮ್ಮ ದೇಹ ಹೆಚ್ಚು ಕೂಡಿಡಲಾರದು. ಆಹಾರ ನಿಂತರೆ ಎರಡು ಮೂರು ವಾರಗಳಲ್ಲಿ ಅದರ ಸಂಗ್ರಹ ಬರಿದಾಗುತ್ತದೆ. ಆಗ ಮಿದುಳಿಗೆ ವರ್ನಿಕೆ ಎಂಬ ತೀವ್ರ ಬಾಧೆ ತಗುಲಬಹುದು. ನಡೆಯುವಾಗ ತೂರಾಡುವುದು, ಒಂದು ವಸ್ತು ಎರಡಾಗಿ ಕಾಣುವುದು, ಕಣ್ಣುಗುಡ್ಡೆಗಳು ತಾವಾಗಿ ಅಲುಗಾಡುವುದು, ಮಾತು ಮತ್ತು ನೆನಪು ಗೊಂದಲಕ್ಕೀಡಾಗುವುದು ಇದರ ಲಕ್ಷಣಗಳು. ಎಲ್ಲ ಲಕ್ಷಣಗಳೂ ಒಟ್ಟಿಗೆ ಕಾಣಿಸಬೇಕೆಂದಿಲ್ಲ. ತಕ್ಷಣ ರಕ್ತನಾಳದ ಮೂಲಕ ಥಯಾಮಿನ್ ಕೊಟ್ಟರೆ ರೋಗಿ ಚೇತರಿಸಿಕೊಳ್ಳಬಲ್ಲರು. ತಡವಾದರೆ ನೆನಪಿನ ಶಕ್ತಿ ಶಾಶ್ವತವಾಗಿ ಕುಂದಬಹುದು.

ಇಲ್ಲಿಯೇ ನಮ್ಮ ಊರುಗಳ ಒಂದು ರೂಢಿಯನ್ನು ಎತ್ತಿ ಹೇಳಬೇಕಾಗಿದೆ. ವಾಂತಿಯಾಗಿ ಸುಸ್ತಾದವರಿಗೆ ಒಂದು ಗ್ಲೂಕೋಸ್ ಬಾಟಲಿ ಹಾಕಿಸಿಕೊಂಡು ಬರುವುದು ಎಲ್ಲೆಡೆ ಕಂಡುಬರುವ ಸಂಗತಿ. ದೇಹವು ಗ್ಲೂಕೋಸನ್ನು ಶಕ್ತಿಯಾಗಿ ಪರಿವರ್ತಿಸಲು ಥಯಾಮಿನ್ ಬೇಕು. ಮೊದಲೇ ಅದು ಬರಿದಾಗಿರುವ ದೇಹಕ್ಕೆ ಬರಿಯ ಗ್ಲೂಕೋಸ್ ಹರಿಸಿದರೆ ಅಳಿದುಳಿದ ಥಯಾಮಿನ್ ಕೂಡ ಮುಗಿದು ಮಿದುಳಿನ ಬಾಧೆ ಉಲ್ಬಣಿಸಬಹುದು. ಆದುದರಿಂದ ವಾಂತಿಯಿಂದ ಬಳಲುತ್ತಿರುವ ಇಂತಹ ರೋಗಿಯನ್ನು ಕರೆದೊಯ್ದವರು, “ಇವರಿಗೆ ಹೊಟ್ಟೆಯ ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆಯಾಗಿದೆ, ಗ್ಲೂಕೋಸಿಗಿಂತ ಮೊದಲು ಅಥವಾ ಅದರೊಂದಿಗೇ ಥಯಾಮಿನ್ ಕೊಡಬೇಕೇ, ನೋಡಿ” ಎಂದು ವೈದ್ಯರಲ್ಲಿ ವಿನಂತಿಸಿಕೊಳ್ಳಬೇಕು. ರಕ್ತದ ಸಕ್ಕರೆ ತೀರ ಇಳಿದು ಪ್ರಜ್ಞೆ ತಪ್ಪುವ ಸ್ಥಿತಿಯಿದ್ದರೆ ಗ್ಲೂಕೋಸನ್ನು ತಡೆಯಬಾರದು, ಎರಡನ್ನೂ ಒಟ್ಟಿಗೆ ಕೊಡಬೇಕಾಗುತ್ತದೆ. ಹೀಗೆ ಹೇಳಿದರೆ ವೈದ್ಯರಿಗೆ ಅಗೌರವ ತೋರಿದಂತಾಗುವುದಿಲ್ಲ. ಅವರಿಗೆ ತಿಳಿಯದ ಹಿನ್ನೆಲೆಯನ್ನು ತಿಳಿಸಿದಂತಾಗುತ್ತದೆ.

ನೀರಿನ ವಿಷಯದಲ್ಲಿಯೂ ಕ್ರಮವಿರಲಿ. ದಿನವೊಂದಕ್ಕೆ ಒಂದೂವರೆಯಿಂದ ಎರಡು ಲೀಟರು ನೀರು ಬೇಕು, ಆದರೆ ಒಮ್ಮೆಗೆ ಒಂದೆರಡು ಗುಟುಕು ಮಾತ್ರ. ಊಟಕ್ಕೂ ನೀರಿಗೂ ಅರ್ಧ ಗಂಟೆಯ ಅಂತರವಿರಬೇಕು. ಮೂತ್ರ ಕಡುಹಳದಿಯಾದರೆ, ಎದ್ದು ನಿಂತಾಗ ತಲೆ ಸುತ್ತಿದರೆ ದೇಹದಲ್ಲಿ ನೀರು ಸಾಲದೆಂದು ತಿಳಿಯಬೇಕು.

ಸಿಹಿ ಉಂಡ ಮೇಲಿನ ಸಂಕಟ

ಹೋಳಿಗೆ, ಪಾಯಸ, ಗೋಧಿ ಹುಗ್ಗಿ, ಕಬ್ಬಿನ ಹಾಲು ಮೊದಲಾದುವನ್ನು ಸೇವಿಸಿದ ಹತ್ತರಿಂದ ಮೂವತ್ತು ನಿಮಿಷಗಳಲ್ಲಿ ಎದೆ ಹೊಡೆದುಕೊಳ್ಳುವುದು, ಮೈ ಬೆವರುವುದು, ಹೊಟ್ಟೆ ಹಿಂಡಿದಂತಾಗಿ ಭೇದಿಯಾಗುವುದು, ಕಣ್ಣು ಕತ್ತಲೆ ಬರುವುದು ಬೈಪಾಸ್ ಆದವರಲ್ಲಿ ಸಾಮಾನ್ಯ. ಸ್ಲೀವ್ ಆದವರಲ್ಲಿಯೂ ಕೆಲವೊಮ್ಮೆ ಆಗುತ್ತದೆ. ಇದಕ್ಕೆ ಡಂಪಿಂಗ್ ಎಂದು ಹೆಸರು. ಸಿಹಿಯಾದ ಆಹಾರ ಒಮ್ಮೆಲೇ ಕರುಳಿಗೆ ಇಳಿದು, ರಕ್ತದಲ್ಲಿರುವ ನೀರಿನಂಶವನ್ನು ಕರುಳಿನೊಳಗೆ ಸೆಳೆದುಕೊಳ್ಳುವುದೇ ಇದರ ಕಾರಣ. ಸ್ವಲ್ಪ ಹೊತ್ತು ಮಲಗಿದರೆ ತಗ್ಗುತ್ತದೆ.

ಇನ್ನೊಂದು ಬಗೆಯದು ಊಟವಾದ ಒಂದರಿಂದ ಮೂರು ಗಂಟೆಗಳ ನಂತರ ಬರುತ್ತದೆ. ಸಿಹಿ ವೇಗವಾಗಿ ರಕ್ತ ಸೇರಿದುದಕ್ಕೆ ಪ್ರತಿಯಾಗಿ ಇನ್ಸುಲಿನ್ ಅತಿಯಾಗಿ ಸುರಿದು, ಸಕ್ಕರೆಯ ಮಟ್ಟ ಒಮ್ಮೆಲೇ ಕುಸಿಯುತ್ತದೆ. ಕೈ ನಡುಗುವುದು, ತೀವ್ರ ಹಸಿವು, ಮಂಕು, ಕೆಲವರಲ್ಲಿ ಪ್ರಜ್ಞೆ ತಪ್ಪುವುದು ಇದರ ಲಕ್ಷಣ. ಆ ಹೊತ್ತಿನಲ್ಲಿ ಸಕ್ಕರೆ ಪರೀಕ್ಷಿಸಿ 70 ಮಿಲಿಗ್ರಾಮಿಗಿಂತ ಕಡಿಮೆಯಿದ್ದರೆ ಸ್ವಲ್ಪ ಸಕ್ಕರೆ ನೀರು ಕೊಟ್ಟು, ಬಳಿಕ ಮೊಸರು ಇಲ್ಲವೆ ಪನೀರಿನಂತಹ ಪ್ರೋಟೀನ್ ಆಹಾರ ಕೊಡಬೇಕು. ಪದೇ ಪದೇ ಆಗುತ್ತಿದ್ದರೆ ತಜ್ಞರನ್ನು ಕಾಣಲೇಬೇಕು. ವಾಹನ ಚಲಾಯಿಸುವವರು, ಯಂತ್ರಗಳ ಬಳಿ ದುಡಿಯುವವರು ಇದನ್ನು ಅಲಕ್ಷಿಸಬಾರದು.

ಮಧುಮೇಹಕ್ಕೆ ಮದ್ದು ತೆಗೆದುಕೊಳ್ಳುತ್ತಿದ್ದವರು ಇನ್ನೊಂದು ಮಾತನ್ನು ಗಮನಿಸಬೇಕು. ಶಸ್ತ್ರಚಿಕಿತ್ಸೆಯ ನಂತರ ತೂಕ ಇಳಿಯುವ ಮೊದಲೇ, ಕೆಲವೇ ದಿನಗಳಲ್ಲಿ ಸಕ್ಕರೆಯ ಮಟ್ಟ ತಗ್ಗಬಹುದು. ಹಳೆಯ ಪ್ರಮಾಣದಲ್ಲಿಯೇ ಇನ್ಸುಲಿನ್, ರಕ್ತದೊತ್ತಡದ ಮಾತ್ರೆಗಳನ್ನು ಮುಂದುವರಿಸಿದರೆ ಅಪಾಯ. ಹಾಗೆಂದು ತಾವೇ ನಿಲ್ಲಿಸಲೂಬಾರದು. ವೈದ್ಯರ ಸಲಹೆಯಂತೆ ಕಡಿಮೆ ಮಾಡಿಕೊಳ್ಳಬೇಕು.

ನಿಧಾನವಾಗಿ ಬರುವ ಕೊರತೆಗಳು

ತೂಕ ಇಳಿದು, ಬಂಧುಗಳೆಲ್ಲ ಮೆಚ್ಚಿಕೊಂಡು, ಆಸ್ಪತ್ರೆಯ ದಾರಿ ಮರೆತುಹೋದ ಎರಡು ಮೂರು ವರ್ಷಗಳ ಬಳಿಕ ಸದ್ದಿಲ್ಲದೆ ಬರುವ ತೊಡಕು ಪೋಷಕಾಂಶಗಳ ಕೊರತೆ. ಶುದ್ಧ ಸಸ್ಯಾಹಾರಿಗಳಾದ ನಮಗೆ ಇದು ವಿಶೇಷವಾಗಿ ಮನನೀಯ.

ಬಿ12 ಜೀವಸತ್ತ್ವವು ಸಹಜವಾಗಿ ದೊರೆಯುವುದು ಪ್ರಾಣಿಜನ್ಯ ಆಹಾರದಲ್ಲಿ ಮಾತ್ರ. ನಮ್ಮ ಪಾಲಿಗೆ ಹಾಲು, ಮೊಸರು, ಮಜ್ಜಿಗೆ, ಪನೀರುಗಳೇ ಅದರ ಆಕರ. ಶಸ್ತ್ರಚಿಕಿತ್ಸೆಗೆ ಮೊದಲೇ ಅನೇಕ ಸಸ್ಯಾಹಾರಿಗಳಲ್ಲಿ ಇದು ಕಡಿಮೆಯಿರುತ್ತದೆ. ಮಧುಮೇಹದ ಮೆಟ್‌ಫಾರ್ಮಿನ್, ಆಮ್ಲ ತಗ್ಗಿಸುವ ಮಾತ್ರೆಗಳೂ ಅದನ್ನು ಕುಗ್ಗಿಸುತ್ತವೆ. ಅದರ ಮೇಲೆ ಜಠರವೂ ಚಿಕ್ಕದಾದರೆ ಕೊರತೆ ಖಚಿತ. ಪಾದಗಳಲ್ಲಿ ಜೋಮು ಮತ್ತು ಉರಿ, ನಾಲಗೆ ಕೆಂಪಾಗಿ ನೋಯುವುದು, ಮರೆವು, ಆಯಾಸ ಇದರ ಗುರುತುಗಳು. ಇವನ್ನು ವಯಸ್ಸಿನ ದೋಷವೆಂದೋ ಸಕ್ಕರೆ ಕಾಯಿಲೆಯ ಉಳಿಕೆಯೆಂದೋ ಬಿಟ್ಟರೆ ನರಗಳಿಗಾದ ಹಾನಿ ಮರಳಿ ಸರಿಹೋಗದಿರಬಹುದು. ರಕ್ತ ಹೆಚ್ಚಲಿ ಎಂದು ಫೋಲಿಕ್ ಆಮ್ಲದ ಮಾತ್ರೆಯೊಂದನ್ನೇ ನುಂಗಿದರೆ ರಕ್ತಹೀನತೆ ಮರೆಯಾಗಿ, ನರಗಳ ಹಾನಿ ಒಳಗೊಳಗೇ ಮುಂದುವರಿಯುವುದುಂಟು. ನಿತ್ಯವೂ ಬಿ12 ಮಾತ್ರೆ ಇಲ್ಲವೆ ತಿಂಗಳಿಗೊಮ್ಮೆ 1000 ಮೈಕ್ರೋಗ್ರಾಂ ಚುಚ್ಚುಮದ್ದು, ಇವೆರಡರಲ್ಲಿ ವೈದ್ಯರು ಹೇಳಿದ್ದನ್ನು ಆಜೀವಪರ್ಯಂತ ಪಾಲಿಸಬೇಕು.

ಕಬ್ಬಿಣದ ಕೊರತೆ ಮುಟ್ಟಾಗುವ ಮಹಿಳೆಯರನ್ನು ಬೇಗ ಬಾಧಿಸುತ್ತದೆ. ಕಬ್ಬಿಣದ ಮಾತ್ರೆಯನ್ನು ಚಹಾ ಕಾಫಿಗಳೊಡನೆ ಸೇವಿಸಬಾರದು. ನಿಂಬೆರಸದೊಡನೆ ಸೇವಿಸಿದರೆ ಚೆನ್ನಾಗಿ ಹೀರಲ್ಪಡುತ್ತದೆ. ಕ್ಯಾಲ್ಸಿಯಂ ಮತ್ತು ಕಬ್ಬಿಣ ಒಂದರ ಕೆಲಸಕ್ಕೆ ಇನ್ನೊಂದು ಅಡ್ಡಿಯಾಗುವುದರಿಂದ ಎರಡರ ನಡುವೆ ಕನಿಷ್ಠ 2 ಗಂಟೆಯ ಅಂತರವಿರಬೇಕು. ಕ್ಯಾಲ್ಸಿಯಂ ದಿನಕ್ಕೆ 1200ರಿಂದ 1500 ಮಿಲಿಗ್ರಾಂ ಬೇಕಾಗುತ್ತದೆ. ಜಠರದ ಆಮ್ಲ ಕಡಿಮೆಯಿರುವವರಿಗೆ ಕ್ಯಾಲ್ಸಿಯಂ ಸಿಟ್ರೇಟ್ ರೂಪವು ಉತ್ತಮ. ನೂರು ಗ್ರಾಂ ರಾಗಿಯಲ್ಲಿ ಮುನ್ನೂರು ಮಿಲಿಗ್ರಾಮಿಗೂ ಮಿಗಿಲಾಗಿ ಕ್ಯಾಲ್ಸಿಯಂ ಇರುವುದು ನಿಜ. ಆದರೆ ಸಣ್ಣ ಜಠರಕ್ಕೆ ಅಷ್ಟು ರಾಗಿ ಹಿಡಿಸುವುದಿಲ್ಲವಾದುದರಿಂದ ಅದು ಮಾತ್ರೆಗೆ ಬದಲಿಯಾಗದು. ಡಿ ಜೀವಸತ್ತ್ವವಿಲ್ಲದೆ ಕ್ಯಾಲ್ಸಿಯಂ ಸರಿಯಾಗಿ ಹೀರಲ್ಪಡುವುದಿಲ್ಲ, ಅದನ್ನೂ ಪರೀಕ್ಷಿಸಿ ಪೂರೈಸಬೇಕು.

ಪ್ರೋಟೀನ್ ದಿನಕ್ಕೆ ಕನಿಷ್ಠ 60 ಗ್ರಾಂ ಬೇಕು. ಮಾಂಸಾಹಾರವಿಲ್ಲದೆ ಇದು ಅಸಾಧ್ಯವೆಂಬ ಭಾವನೆ ತಪ್ಪು. ಒಂದು ಲೆಕ್ಕ ನೋಡೋಣ. ಕಾಲು ಲೀಟರು ಹಾಲಿನಿಂದ 8 ಗ್ರಾಂ, ಒಂದು ಬಟ್ಟಲು ಮೊಸರಿನಿಂದ 6, ಐವತ್ತು ಗ್ರಾಂ ಪನೀರಿನಿಂದ 9, ಮೂವತ್ತು ಗ್ರಾಂ ತೊಗರಿಬೇಳೆಯಿಂದ 7, ಅಷ್ಟೇ ತೂಕದ ಹೆಸರುಕಾಳಿನಿಂದ 7, ನಲವತ್ತು ಗ್ರಾಂ ಕಡಲೆಹಿಟ್ಟಿನ ಜುಣಕದಿಂದ 8, ಮೂವತ್ತು ಗ್ರಾಂ ಸೋಯಾ ಉಂಡೆಗಳಿಂದ 15. ಒಟ್ಟು 60 ಗ್ರಾಂ. ಮೊದಲ ತಿಂಗಳುಗಳಲ್ಲಿ ಇಷ್ಟನ್ನು ಉಣ್ಣಲಾಗದು, ಆಗ ಆಹಾರತಜ್ಞರ ಸಲಹೆಯಂತೆ ಹಾಲಿನ ಪ್ರೋಟೀನ್ ಪುಡಿಯನ್ನು ಆಶ್ರಯಿಸಬೇಕಾಗುತ್ತದೆ. ಮುಂದೆ ತಟ್ಟೆಯಲ್ಲಿ ಒಂದು ಕ್ರಮವಿರಲಿ: ಮೊದಲು ಕಾಳು, ಬೇಳೆ, ಪನೀರು, ಆಮೇಲೆ ತರಕಾರಿ, ಜಾಗ ಉಳಿದರೆ ಮಾತ್ರ ರೊಟ್ಟಿ, ಅನ್ನ. ಒಂದೊಂದು ತುತ್ತನ್ನೂ ನುಣ್ಣಗಾಗುವವರೆಗೆ ಅಗಿದು, ಊಟಕ್ಕೆ ಅರ್ಧ ಗಂಟೆ ಮೀಸಲಿಡಬೇಕು.

ಕಲ್ಲು, ಹುಣ್ಣು, ಕರುಳಿನ ತೊಡಕು

ತೂಕ ಬೇಗ ಇಳಿದಾಗ ಪಿತ್ತಕೋಶದಲ್ಲಿ ಕಲ್ಲುಗಳಾಗುವ ಸಂಭವ ಹೆಚ್ಚು. ಹೊಟ್ಟೆಯ ಬಲಮೇಲ್ಭಾಗದಲ್ಲಿ ನೋವು ಬಂದು ಬೆನ್ನಿಗೆ ಹರಡಿದರೆ, ಕಣ್ಣು ಹಳದಿಯಾದರೆ ಸ್ಕ್ಯಾನಿಂಗ್ ಮಾಡಿಸಬೇಕು. ಇದನ್ನು ತಡೆಯಲು ವೈದ್ಯರು ಮೊದಲ ಆರು ತಿಂಗಳು ಅರ್ಸೋಡಿಯಾಕ್ಸಿಕೋಲಿಕ್ ಆಮ್ಲದ ಮಾತ್ರೆಯನ್ನು ಬರೆಯುವುದುಂಟು. ಬೈಪಾಸ್ ಆದವರಲ್ಲಿ ಮೂತ್ರಪಿಂಡದ ಕಲ್ಲುಗಳೂ ಹೆಚ್ಚಬಹುದು. ಸಾಕಷ್ಟು ನೀರು ಕುಡಿಯುವುದೇ ಅದಕ್ಕೆ ಮೊದಲ ತಡೆ.

ಬೈಪಾಸಿನಲ್ಲಿ ಜಠರ ಮತ್ತು ಕರುಳು ಕೂಡುವ ಜಾಗದಲ್ಲಿ ಹುಣ್ಣಾಗುವುದು ಇನ್ನೊಂದು ತೊಡಕು. ಇದಕ್ಕೆ ಎರಡು ಪ್ರಬಲ ಕಾರಣಗಳು ನಮ್ಮ ಕೈಯಲ್ಲಿಯೇ ಇವೆ. ಒಂದು ತಂಬಾಕು. ಇನ್ನೊಂದು ನೋವಿನ ಮಾತ್ರೆಗಳು. ಡೈಕ್ಲೋಫೆನಾಕ್, ಐಬುಪ್ರೊಫೇನ್ ಮುಂತಾದುವು ಔಷಧದಂಗಡಿಯಲ್ಲಿ ಕೇಳಿದೊಡನೆ ಸಿಗುತ್ತವೆ, ಮಂಡಿನೋವಿಗೆ ಚುಚ್ಚುಮದ್ದಿನ ರೂಪದಲ್ಲಿಯೂ ಕೊಡುತ್ತಾರೆ. ಬೈಪಾಸ್ ಆದವರು ಇವುಗಳಿಂದ ದೂರವಿರಬೇಕು. ಚುಚ್ಚುಮದ್ದಾದರೆ ಹೊಟ್ಟೆಗೆ ತೊಂದರೆಯಿಲ್ಲವೆಂಬ ನಂಬಿಕೆ ಸರಿಯಲ್ಲ, ರಕ್ತದ ಮೂಲಕವೂ ಅವು ಜಠರದ ಒಳಪೊರೆಯ ರಕ್ಷಣೆಯನ್ನು ಕುಗ್ಗಿಸುತ್ತವೆ. ಸಾಮಾನ್ಯ ನೋವಿಗೆ ಮಿತಪ್ರಮಾಣದ ಪ್ಯಾರಸಿಟಮಾಲ್ ಸಾಕಾಗುತ್ತದೆ.

ಬೈಪಾಸ್ ಆಗಿ ವರ್ಷಗಳೇ ಕಳೆದ ಮೇಲೆಯೂ, ಕರುಳಿನ ಸುರುಳಿಯೊಂದು ಒಳಗಿನ ಸಂದಿಯಲ್ಲಿ ನುಸುಳಿ ಸಿಕ್ಕಿಕೊಳ್ಳಬಹುದು. ಉಂಡ ಮೇಲೆ ಹೊಟ್ಟೆ ಹಿಂಡಿದಂತಾಗಿ ತಾನಾಗಿ ಕಡಿಮೆಯಾಗುವುದು, ಮತ್ತೆ ಕೆಲವು ದಿನಗಳಿಗೆ ಮರುಕಳಿಸುವುದು ಇದರ ಸ್ವಭಾವ. ಇದನ್ನು ವಾಯು, ಅಜೀರ್ಣ ಎಂದು ಓಂಕಾಳಿನ ಕಷಾಯದಲ್ಲಿ ಕಳೆಯುವುದು ಸುಲಭ. ಆದರೆ ಸಿಕ್ಕಿಕೊಂಡ ಕರುಳಿಗೆ ರಕ್ತ ಹರಿಯದಿದ್ದರೆ ಅದು ಸತ್ತೇಹೋಗುತ್ತದೆ. ಸಾಧಾರಣ ಎಕ್ಸ್‌ರೇಯಲ್ಲಿ ಇದು ಕಾಣದಿರಬಹುದು. ತೀವ್ರ ನೋವು ಕೆಲವು ಗಂಟೆ ಮುಂದುವರಿದರೆ ಸಿಟಿ ಸ್ಕ್ಯಾನ್ ಮತ್ತು ಶಸ್ತ್ರಚಿಕಿತ್ಸಕರು ಇರುವ ಆಸ್ಪತ್ರೆಗೇ ಹೋಗಬೇಕು.

ಸ್ಲೀವ್ ಆದವರಲ್ಲಿ ಎದೆಯುರಿ, ಹುಳಿತೇಗು ಹೆಚ್ಚು. ಮಲಗುವುದಕ್ಕೆ ಮೂರು ಗಂಟೆ ಮೊದಲೇ ರಾತ್ರಿಯ ಊಟ ಮುಗಿಸುವುದು, ಮಂಚದ ತಲೆಯ ಭಾಗವನ್ನು ಎತ್ತರಿಸುವುದು ಸಹಕಾರಿ. ಬಗೆಹರಿಯದಿದ್ದರೆ ಎಂಡೋಸ್ಕೋಪಿ ಮಾಡಿಸಬೇಕು. ಕೆಲವರಿಗೆ ಸ್ಲೀವನ್ನು ಬೈಪಾಸ್ ಆಗಿ ಮಾರ್ಪಡಿಸಬೇಕಾಗಬಹುದು.

ಕೂದಲು, ಚರ್ಮ, ಮಾತೃತ್ವ

ಮೂರನೆಯ ತಿಂಗಳಿನಿಂದ ಕೂದಲು ಹಿಡಿಹಿಡಿಯಾಗಿ ಉದುರತೊಡಗಿದಾಗ ಹೆಣ್ಣುಮಕ್ಕಳು ಕಂಗಾಲಾಗುತ್ತಾರೆ. ತೂಕ ಬೇಗ ಇಳಿದುದಕ್ಕೆ ದೇಹ ತೋರುವ ಪ್ರತಿಕ್ರಿಯೆ ಇದು. ಬಹುತೇಕ ಒಂದು ವರ್ಷದೊಳಗೆ ಮತ್ತೆ ಬೆಳೆಯುತ್ತದೆ. ಬೆಲೆಬಾಳುವ ಎಣ್ಣೆಗಳಿಗಿಂತ ಪ್ರೋಟೀನ್, ಕಬ್ಬಿಣ, ಸತುವುಗಳ ಕೊರತೆಯಿದೆಯೇ ಎಂದು ನೋಡುವುದು ಮುಖ್ಯ. ಜೋತುಬಿದ್ದ ಚರ್ಮದ ಮಡಿಕೆಗಳನ್ನು ತೊಳೆದು ಚೆನ್ನಾಗಿ ಒರಸಿ, ತೆಳುವಾದ ಹತ್ತಿಬಟ್ಟೆಯನ್ನು ಇಟ್ಟುಕೊಂಡರೆ ಹುಣ್ಣು, ಹುಳುಕಡ್ಡಿಗಳು ಬರುವುದು ತಪ್ಪುತ್ತದೆ. ಚರ್ಮ ತೆಗೆಯುವ ಶಸ್ತ್ರಚಿಕಿತ್ಸೆ ಬೇಕಾದರೆ ತೂಕ ಒಂದು ನೆಲೆಗೆ ನಿಲ್ಲುವವರೆಗೆ, ಅಂದರೆ ಒಂದರಿಂದ ಒಂದೂವರೆ ವರ್ಷ ಕಾಯಬೇಕು.

ತೂಕ ಇಳಿದಂತೆ ಮುಟ್ಟು ಕ್ರಮಗೊಂಡು ಗರ್ಭಧಾರಣೆಯ ಸಾಧ್ಯತೆ ಹೆಚ್ಚುತ್ತದೆ. ಮಕ್ಕಳಿಗಾಗಿ ಕಾದವರಿಗೆ ಇದು ಸಂತಸದ ಸಂಗತಿ. ಆದರೆ ಮೊದಲ 12ರಿಂದ 18 ತಿಂಗಳು ತಾಯಿಯ ದೇಹವೇ ಪೋಷಣೆಗಾಗಿ ಹೆಣಗುತ್ತಿರುತ್ತದೆ, ಆ ಅವಧಿ ಕಳೆಯುವವರೆಗೆ ತಡೆಯುವುದು ಕ್ಷೇಮ. ಬೈಪಾಸ್ ಆದವರಲ್ಲಿ ಬಾಯಿಯ ಮೂಲಕ ಸೇವಿಸುವ ಗರ್ಭನಿರೋಧಕ ಮಾತ್ರೆ ಪೂರ್ಣ ಫಲ ಕೊಡದಿರಬಹುದು. ಗರ್ಭಿಣಿಯಾದಾಗ ಸಕ್ಕರೆ ನೀರು ಕುಡಿಸಿ ಮಾಡುವ ಪರೀಕ್ಷೆಯಿಂದ ಡಂಪಿಂಗ್ ಉಂಟಾಗಬಹುದಾದುದರಿಂದ, ಶಸ್ತ್ರಚಿಕಿತ್ಸೆಯ ವಿಷಯವನ್ನು ಸ್ತ್ರೀರೋಗತಜ್ಞರಿಗೆ ಮೊದಲೇ ತಿಳಿಸಿ ಬೇರೆ ವಿಧಾನದಲ್ಲಿ ಪರೀಕ್ಷಿಸಿಕೊಳ್ಳಬೇಕು.

ಮನಸ್ಸು, ಮನೆ ಮತ್ತು ಪಂಕ್ತಿ

ದೇಹ ಬದಲಾದಷ್ಟು ಬೇಗ ಮನಸ್ಸು ಬದಲಾಗುವುದಿಲ್ಲ. ದುಃಖ, ಬೇಸರಗಳನ್ನು ಊಟದಲ್ಲಿ ಮರೆಯುತ್ತಿದ್ದವರಿಗೆ ಆ ಆಸರೆ ತಪ್ಪಿದಂತಾಗುತ್ತದೆ. ಕೆಲವರು ಮದ್ಯದ ಕಡೆಗೆ ವಾಲುತ್ತಾರೆ. ಈ ಶಸ್ತ್ರಚಿಕಿತ್ಸೆಯ ಬಳಿಕ, ಬೈಪಾಸಿನಲ್ಲಂತೂ ವಿಶೇಷವಾಗಿ, ಮದ್ಯ ಬಹುಬೇಗ ರಕ್ತಕ್ಕೇರಿ ಚಟವಾಗಿ ಅಂಟಿಕೊಳ್ಳುತ್ತದೆ. ಖಿನ್ನತೆ, ಬದುಕು ಬೇಡವೆನ್ನುವ ಆಲೋಚನೆ ಕಂಡರೆ ಅದನ್ನು ಕೃತಘ್ನತೆ ಎಂದು ಗದರಿಸದೆ ಮನೋವೈದ್ಯರ ಬಳಿಗೆ ಕರೆದೊಯ್ಯಬೇಕು. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲಿಯೇ ಉಚಿತವಾಗಿ ಮಾತನಾಡಬಹುದು.

ಒಂದೂವರೆ ಎರಡು ವರ್ಷಗಳ ನಂತರ ಸ್ವಲ್ಪ ತೂಕ ಮರಳುವುದು ಸಹಜ. “ಇಷ್ಟು ಹಣ ಸುರಿದು ಮತ್ತೆ ದಪ್ಪಗಾದೆಯಲ್ಲ” ಎಂಬ ಒಂದು ಮಾತು ರೋಗಿಯನ್ನು ವೈದ್ಯರಿಂದಲೂ ದೂರ ಮಾಡುತ್ತದೆ. ಸ್ಥೂಲಕಾಯವು ದೀರ್ಘಕಾಲದ ರೋಗ, ಅದು ಶೀಲದ ಕೊರತೆಯಲ್ಲ. ಹೀಗೆಂದು ಮನೆಯವರು ಅರಿತರೆ ಅರ್ಧ ಚಿಕಿತ್ಸೆ ಆದಂತೆ.

ದಾಸೋಹದ ಪಂಕ್ತಿಯಲ್ಲಿ, ಮದುವೆ ಗೃಹಪ್ರವೇಶಗಳಲ್ಲಿ ಇಂಥವರು ಇಕ್ಕಟ್ಟಿಗೆ ಸಿಲುಕುತ್ತಾರೆ. ಪ್ರಸಾದವನ್ನು ಎಲೆಯಲ್ಲಿ ಬಿಡಬಾರದೆಂಬ ಶ್ರದ್ಧೆ ಒಂದೆಡೆ, ಎರಡು ತುತ್ತಿಗೇ ತುಂಬುವ ಜಠರ ಇನ್ನೊಂದೆಡೆ. ಬಡಿಸುವವರಿಗೆ ಮೊದಲೇ ತಿಳಿಸಿ ಚಿಟಿಕೆಯಷ್ಟು ನೀಡಿಸಿಕೊಂಡರೆ ಶ್ರದ್ಧೆಗೂ ಭಂಗವಿಲ್ಲ, ದೇಹಕ್ಕೂ ಬಾಧೆಯಿಲ್ಲ. ಬಡಿಸುವವರೂ ಒತ್ತಾಯದ ಉಪಚಾರವನ್ನು ಬಿಡಬೇಕು, ಬೇಡವೆಂದವರ ಕಾರಣವನ್ನು ನಾಲ್ವರ ನಡುವೆ ಕೇಳಬಾರದು. ಶಿವರಾತ್ರಿ, ಶ್ರಾವಣ ಸೋಮವಾರಗಳ ಉಪವಾಸವನ್ನು ಮೊದಲ ವರ್ಷ ಕೈಬಿಡುವುದು ಲೇಸು. ಆನಂತರವೂ ವೈದ್ಯರನ್ನು ಕೇಳಿಯೇ ಕೈಗೊಳ್ಳಬೇಕು. ನೀರನ್ನೂ ಬಿಡುವ ಉಪವಾಸ ಇವರಿಗೆ ಸಲ್ಲದು.

ಕಡತ ಮತ್ತು ಕಾಲಪಟ್ಟಿ

ಶಸ್ತ್ರಚಿಕಿತ್ಸೆಯಾದ ಪ್ರತಿಯೊಬ್ಬರ ಮನೆಯಲ್ಲಿಯೂ ಒಂದು ಕಡತವಿರಲಿ. ಅದರಲ್ಲಿ ಆಸ್ಪತ್ರೆಯ ಬಿಡುಗಡೆ ಪತ್ರ, ಯಾವ ಬಗೆಯ ಶಸ್ತ್ರಚಿಕಿತ್ಸೆ ಯಾವ ದಿನಾಂಕದಂದು ಆಯಿತೆಂಬ ವಿವರ, ಸೇವಿಸುತ್ತಿರುವ ಮಾತ್ರೆಗಳ ಪಟ್ಟಿ, ತಜ್ಞರ ದೂರವಾಣಿ ಸಂಖ್ಯೆ ಇರಬೇಕು. ಜೇಬಿನಲ್ಲಿಯೂ ಒಂದು ಚೀಟಿಯಿರಲಿ: ಶಸ್ತ್ರಚಿಕಿತ್ಸೆಯ ಹೆಸರು, ಡೈಕ್ಲೋಫೆನಾಕ್ ಬಗೆಯ ನೋವಿನ ಮದ್ದು ಬೇಡ, ವಾಂತಿಯಿದ್ದಾಗ ಗ್ಲೂಕೋಸಿನೊಡನೆ ಥಯಾಮಿನ್ ಬೇಕು. ಪ್ರಜ್ಞೆ ತಪ್ಪಿದ ಹೊತ್ತಿನಲ್ಲಿ ಈ ಮೂರು ಸಾಲುಗಳೇ ರೋಗಿಯ ಪರವಾಗಿ ಮಾತನಾಡುತ್ತವೆ.

ಮೊದಲ ವರ್ಷ 3, 6 ಮತ್ತು 12ನೆಯ ತಿಂಗಳಿಗೆ, ಅನಂತರ ವರ್ಷಕ್ಕೊಮ್ಮೆ ತಪ್ಪದೆ ರಕ್ತಪರೀಕ್ಷೆ ಮಾಡಿಸಬೇಕು. ರಕ್ತದ ಪ್ರಮಾಣ, ಕಬ್ಬಿಣದ ಸಂಗ್ರಹ, ಬಿ12, ಫೋಲೇಟ್, ಡಿ ಜೀವಸತ್ತ್ವ, ಕ್ಯಾಲ್ಸಿಯಂ, ಪ್ರೋಟೀನ್, ಯಕೃತ್ತು ಮತ್ತು ಮೂತ್ರಪಿಂಡಗಳ ಕಾರ್ಯ, ಇವು ಪಟ್ಟಿಯಲ್ಲಿರಲಿ. ದೂರದ ನಗರಕ್ಕೆ ಪ್ರತಿಸಲ ಹೋಗಲಾಗದವರು ಪರೀಕ್ಷೆಯನ್ನು ಹತ್ತಿರದ ಪಟ್ಟಣದಲ್ಲಿ ಮಾಡಿಸಿ, ಫಲಿತಾಂಶವನ್ನು ತಜ್ಞರಿಗೆ ಕಳುಹಿಸಿ ಸಲಹೆ ಪಡೆಯಬಹುದು. ಶಸ್ತ್ರಚಿಕಿತ್ಸೆಗೆ ಹಣ ಹೊಂದಿಸುವಾಗಲೇ ಮುಂದಿನ ಮಾತ್ರೆ, ಪರೀಕ್ಷೆಗಳ ವೆಚ್ಚವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದು ವಿವೇಕ.

ಶಸ್ತ್ರಚಿಕಿತ್ಸೆಯನ್ನು ವೈದ್ಯರು ಎರಡು ಗಂಟೆಗಳಲ್ಲಿ ಮುಗಿಸಬಲ್ಲರು. ಅದನ್ನು ಸಾರ್ಥಕಗೊಳಿಸುವ ಕೆಲಸ ಮಾತ್ರ ರೋಗಿಯದು ಮತ್ತು ಮನೆಯವರದು, ಅದು ನಿತ್ಯದ ಕಾಯಕ. ತಮ್ಮ ಕುಟುಂಬದಲ್ಲಿ, ನೆರೆಹೊರೆಯಲ್ಲಿ ಈ ಶಸ್ತ್ರಚಿಕಿತ್ಸೆ ಆದವರಿದ್ದರೆ ಓದುಗರು ಒಮ್ಮೆ ಅವರನ್ನು ಮಾತನಾಡಿಸಿ, ಕೊನೆಯ ರಕ್ತಪರೀಕ್ಷೆ ಯಾವಾಗ ಆಯಿತೆಂದು ವಿಚಾರಿಸಲಿ. ವರ್ಷ ಮೀರಿದೆಯೆಂದು ಉತ್ತರ ಬಂದರೆ ಈ ವಾರವೇ ಮಾಡಿಸುವಂತೆ ಪ್ರೀತಿಯಿಂದ ಹೇಳಲಿ.